ಚೆನ್ನಿ ಪರೀಕ್ಷೆಗೆ ನಿಂತ ವರ್ಷ

ಬೇಲಿ ತೊಂಡೆಯ ಎಲೆಯನ್ನು ಇದ್ದಿಲಿನ ಜೊತೆ ಅರೆದು ಮರದ ಹಲಗೆಗೆ ಬಳಿದರೆ ಒಂದು ಹಸಿ ಒಗರು ವಾಸನೆ ಏಳುತ್ತದೆ. ಹೋದ ವಾರ ಮೊಮ್ಮಗಳು ಹಿತ್ತಲ ಕಲ್ಲಿನ ಮೇಲೆ ಕೂತು ಅದನ್ನೇ ಅರೆಯುತ್ತಿದ್ದಳು. ಮಾರನೆಯ ದಿನ ಪಳ್ಳಿಕೂಡದಲ್ಲಿ ಅವಳಿಗೆ ಪರೀಕ್ಷೆಯಂತೆ, ಹಲಗೆ ಕಪ್ಪಗೆ ಮಿಂಚಬೇಕಂತೆ. ಆ ವಾಸನೆ ಒಳಗೆ ಬಂದಾಗ ನಾನು ಮೊಸರು ಕಡೆಯುತ್ತಿದ್ದೆ. ಕಡೆಗೋಲನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಬೀದಿಯ ಜಗಲಿಯ ಮೇಲೆ ಕೂತುಬಿಟ್ಟೆ. "ಏನಾಯ್ತಜ್ಜೀ?" ಅಂತ ಹುಡುಗಿ ಎರಡು ಸಲ ಬಂದು ಕೇಳಿದಳು. ಏನಿಲ್ಲ ಅಂದೆ. ತನಗೊಬ್ಬಳು ಸೋದರತ್ತೆ ಇದ್ದಳು ಎಂಬುದೇ ಆ ಮಗುವಿಗೆ ಗೊತ್ತಿಲ್ಲ. ಅವಳಪ್ಪ ಆಗ ತೊಟ್ಟಿಲಲ್ಲಿದ್ದ, ಅವನಿಗೂ ಅಕ್ಕನ ಮುಖ ನೆನಪಿಲ್ಲ.

ಬೆಟ್ಟದ ಮೇಲೆ ಪೆರಿಯಾರು ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ತಮಿಳು ಸೀಮೆಯ ನಮ್ಮೂರು ಕಂಬವೆಂಬ ಪೇಟೆಗೂ ಉತ್ತಮಪಾಳ್ಯಕ್ಕೂ ನಡುವೆ, ದೊಡ್ಡ ರಸ್ತೆಗೆ ಅಂಟಿಕೊಂಡೇ ಇದೆ. ದಿಂಡಿಗಲ್ಲಿನ ಆಚೆ ಅಮ್ಮಯ್ಯನಾಯಕ್ಕನೂರಿನಲ್ಲಿ ರೈಲಿನಿಂದ ಇಳಿದ ಸಾಮಾನೆಲ್ಲ ಎತ್ತಿನ ಗಾಡಿಗಳಲ್ಲಿ ನಮ್ಮ ಬಾಗಿಲ ಮುಂದೆಯೇ ಬೆಟ್ಟದ ಕಡೆಗೆ ಸಾಗುತ್ತಿತ್ತು. ಮಳೆಯ ಜೋಳ, ರಾಗಿಯನ್ನೇ ನೆಚ್ಚಿಕೊಂಡಿದ್ದ ನಮ್ಮ ಜನರಲ್ಲಿ ಒಳ್ಳೆಯ ಜೋಡಿ ಎತ್ತು ಇದ್ದವರೆಲ್ಲ ಆ ಕೆಲಸಕ್ಕೆ ಗಾಡಿ ಕಟ್ಟಿದರು. ನಮ್ಮ ಮನೆಯವರೂ ಕಟ್ಟಿದರು. ತಿಂಗಳಲ್ಲಿ ಇಪ್ಪತ್ತು ದಿನ ಅವರು ರಸ್ತೆಯ ಮೇಲೆಯೇ. ಮನೆಯಲ್ಲಿ ನಾನು, ನನ್ನ ಅತ್ತೆ, ಒಂಬತ್ತು ವರ್ಷದ ಮಗಳು ಚೆನ್ನಿ, ಆಗತಾನೆ ಹುಟ್ಟಿದ ಗಂಡುಕೂಸು.

ಚೆನ್ನಿಗೆ ಮುಂಚೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಹಾಗಾಗಿ ಇವಳ ಕಾಲಿಗೆ ಮುಳ್ಳು ಚುಚ್ಚಿದರೂ ಮನೆಯೆಲ್ಲ ಎದ್ದು ಕೂರುತ್ತಿತ್ತು. ಜಗಲಿಯ ಮೇಲೆ ಕೂತು ಗಾಡಿ ಎಣಿಸುವುದು ಅವಳ ಆಟ. "ಅವ್ವಾ, ಮೊನ್ನೆ ಮ್ಯಾಕ್ಕೋದವು ನಲವತ್ತೊಂದು. ಇವತ್ತು ಇಳಿದವು ಮೂವತ್ನಾಕು. ಇನ್ನೂ ಏಳು ಅಲ್ಲೇ ಅವೆ, ಅದ್ರಾಗೆ ಅಪ್ಪಂದೂ ಒಂದು" ಅನ್ನುತ್ತಿದ್ದಳು. ಯಾರೂ ಕಲಿಸದೆ ಬಂದ ಲೆಕ್ಕ. ಇದನ್ನು ಒಂದು ದಿನ ವಾದ್ಯಾರು ಕೇಳಿಸಿಕೊಂಡರು.

ವಾದ್ಯಾರು ಅಂದರೆ ನಮ್ಮೂರ ಮೇಷ್ಟ್ರು. ನಿಲಕ್ಕೋಟ್ಟೈ ಕಡೆಯ ತಮಿಳರು, ಬಡಕಲು ಮನುಷ್ಯ. ಹೆಂಡತಿ, ಮಗಳನ್ನು ಊರಲ್ಲಿ ಬಿಟ್ಟು ಇಲ್ಲಿ ಒಬ್ಬರ ಜಗಲಿಯ ಮೇಲೆ ಪಳ್ಳಿಕೂಡ ನಡೆಸುತ್ತಿದ್ದರು. ಅವರಿಗೆ ತಿಂಗಳ ಸಂಬಳ ಎಂಬುದಿರಲಿಲ್ಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಒಂದೊಂದು ಮಗುವನ್ನೂ ನಿಲ್ಲಿಸಿ ಓದಿಸಿ, ಬರೆಸಿ, ಲೆಕ್ಕ ಕೇಳುತ್ತಿದ್ದರು. ಎಷ್ಟು ಮಕ್ಕಳು ಪಾಸಾದರೆ ಅಷ್ಟಕ್ಕೆ ತಕ್ಕಂತೆ ಸರ್ಕಾರದ ಹಣ. ಹೆಣ್ಣುಮಗು ಪಾಸಾದರೆ ಇನ್ನೂ ಹೆಚ್ಚು. ಅದಕ್ಕೇ ಅವರು ನಮ್ಮ ಮನೆಗೆ ಬಂದದ್ದು. ಅದನ್ನು ಮುಚ್ಚಿಡಲೂ ಇಲ್ಲ.

"ಅಯ್ಯಾ, ನಿಮ್ಮ ಮಗಳನ್ನು ಒಂದು ವರ್ಷ ನನಗೆ ಕೊಡಿ" ಅಂದರು ತಮಿಳಿನಲ್ಲಿ. "ನನಗೂ ಒಂದು ದಾರಿ ಆಗುತ್ತೆ. ಆದರೆ ಅದಕ್ಕೇ ಅಂತ ಕೇಳ್ತಿಲ್ಲ. ಇಂಥ ತಲೆ ನಾನು ನೋಡಿಲ್ಲ."

ಅತ್ತೆ ಒಳಗಿನಿಂದಲೇ ಕೂಗಿದರು. "ಎಣ್ಣುಕೂಸು ಓದಿ ಯಾವ ಸೀಮೆ ಆಳ್ಬೇಕು? ಬ್ಯಾಡ ಅನ್ನು!" ನಮ್ಮ ಮನೆಯವರು ನಕ್ಕರು. "ಓಗ್ಲಿ ಬಿಡವ್ವಾ. ನಂಗೆ ಟೇಸನ್ನಾಗೆ ಅವರು ಏನು ಗೀಚಿ ಕೊಡ್ತಾರೋ ತಿಳಿಯಾಕಿಲ್ಲ. ಇವಳಾದ್ರೂ ಓದಿ ಹೇಳ್ಲಿ" ಅಂದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬೇಡ ಅನ್ನಲಿಲ್ಲ.

ಮೊದಲ ಆರು ತಿಂಗಳು ಅವಳಿಗೆ ಹಬ್ಬ. ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದುವುದು, ಮನೆಗೆ ಬಂದು ಒಲೆಯ ಬೂದಿಯಲ್ಲಿ ಅದನ್ನೇ ಬರೆದು ನನಗೆ ತೋರಿಸುವುದು. ಮನೆಯಲ್ಲಿ ನಾವು ಆಡುವುದು ನಮ್ಮ ಮಾತು, ಕನ್ನಡ. ಬೀದಿಯ ತಮಿಳೂ ಅವಳಿಗೆ ನೀರು ಕುಡಿದಂತೆ. ಆದರೆ ಪುಸ್ತಕದ ತಮಿಳು ಬೇರೆಯೇ. ಅದು ಯಾರ ಬಾಯಲ್ಲೂ ಇಲ್ಲದ ಮಾತು. "ಅವ್ವಾ, ಪುಸ್ತಕದಾಗೆ ಇರೋರು ಎಂಗೋ ಮಾತಾಡ್ತಾರೆ, ನಂಗೆ ತಿಳಿಯಾಕಿಲ್ಲ" ಅನ್ನುತ್ತಿದ್ದಳು. ಕಲಿತರೆ ತಿಳಿಯುತ್ತದೆ ಮಗಾ ಅಂದೆ. ನನಗೇನು ಗೊತ್ತಿತ್ತು?

ಕಾರ್ತಿಕ ಕಳೆದ ಮೇಲೆ ವಾದ್ಯಾರು ಬದಲಾದರು. ಮಾಸಿ ತಿಂಗಳಲ್ಲಿ, ಅಂದರೆ ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ, ಇನ್‌ಸ್ಪೆಕ್ಟರು ಉತ್ತಮಪಾಳ್ಯಕ್ಕೆ ಬರುತ್ತಾರೆಂದು ಕಾಗದ ಬಂದಿತ್ತು. ಓದಿ ತಿಳಿಯುವುದಕ್ಕೆ ದಿನ ಸಾಲದು ಅಂತ ಅವರು ಪುಸ್ತಕವನ್ನೇ ಬಾಯಿಪಾಠ ಮಾಡಿಸತೊಡಗಿದರು. ಬೆಳಿಗ್ಗೆ ನೀರಿಗೆ ಹೋದರೆ ಆ ಬೀದಿಯಿಂದ ಮಕ್ಕಳ ಕೂಗು ಕೇಳುತ್ತಿತ್ತು. ಅದರಲ್ಲಿ ನನ್ನ ಮಗಳ ದನಿ ಎಲ್ಲಕ್ಕಿಂತ ಮೇಲೆ.

ಒಂದು ಶುಕ್ರವಾರ ತಲೆಗೆ ಎಣ್ಣೆ ಹಚ್ಚುವಾಗ ನೋಡಿದರೆ ಅವಳ ಕಿವಿಯ ಹಿಂದೆ ಹುಣಸೆ ಬೀಜದಷ್ಟಗಲ ಕೂದಲೇ ಇರಲಿಲ್ಲ. ಹುಳುಕಡ್ಡಿ ಇರಬೇಕೆಂದು ಬೇವಿನ ಎಣ್ಣೆ ಹಚ್ಚಿದೆ. ಮುಂದಿನ ಶುಕ್ರವಾರಕ್ಕೆ ಅದು ಅಂಗೈಯಷ್ಟಾಗಿತ್ತು. ಆಮೇಲೊಂದು ದಿನ ಅವಳು ಜಗಲಿಯ ಮೇಲೆ ಕೂತು ಪಾಠ ಹೇಳಿಕೊಳ್ಳುವುದನ್ನು ಒಳಗಿನಿಂದ ನೋಡಿದೆ. ಬಾಯಿ ಪಾಠ ಹೇಳುತ್ತಿದೆ, ಬಲಗೈ ಕಿವಿಯ ಹಿಂದೆ ಹೋಗಿ ಒಂದೊಂದೇ ಕೂದಲನ್ನು ಸುತ್ತಿ ಕೀಳುತ್ತಿದೆ. ಅವಳಿಗೆ ಅದರ ಅರಿವೇ ಇಲ್ಲ. ಗಾಡಿಗಳು ಹೋಗುತ್ತಿದ್ದವು, ಅವಳು ಎಣಿಸುತ್ತಿರಲಿಲ್ಲ.

ಹತ್ತಿರ ಹೋಗಿ ಕೈ ಹಿಡಿದೆ. "ಯಾಕೆ ಮಗಾ? ಏನಾಗ್ತದೆ ನಿಂಗೆ?"

"ಪಾಠ ತಪ್ಪೋಗ್ತದೆ ಅನ್ನಿಸ್ತದೆ ಅವ್ವಾ."

"ಯಾವಾಗ?"

"ಯಾವಾಗ್ಲೂ." ಕೈ ಬಿಡಿಸಿಕೊಂಡು ಹೇಳಿದಳು: "ನಾವು ತಪ್ಪಿದ್ರೆ ವಾದ್ಯಾರು ಊರು ಬಿಟ್ಟು ಓಗ್ಬೇಕಂತೆ. ಅವರ ಮಗಳಿಗೆ ಕೂಳಿಲ್ಲದಂಗೆ ಆಗ್ತದಂತೆ. ಅವಳೂ ನನ್ನಷ್ಟೇ ಇದ್ದಾಳಂತೆ ಅವ್ವಾ."

ಕೂಸನ್ನು ಸೊಂಟಕ್ಕೇರಿಸಿಕೊಂಡು ನೇರ ಪಳ್ಳಿಕೂಡಕ್ಕೆ ಹೋದೆ. ನಮ್ಮ ಹೆಂಗಸರು ಹಾಗೆ ಹೋಗುವವರಲ್ಲ. ವಾದ್ಯಾರು ಎದ್ದು ನಿಂತರು.

"ಸಾಮಿ, ನನ್ನ ಮಗಳನ್ನ ಬಿಟ್ಬಿಡಿ" ಅಂದೆ. "ಅವಳು ತಲೆಗೂದಲು ಕಿತ್ಕೊತಾಳೆ."

ಅವರು ತಲೆ ತಗ್ಗಿಸಿದರು. "ನೋಡಿದೀನಿ ತಾಯೀ. ಬೇರೆ ಮಕ್ಕಳೂ ಒಂದೊಂದು ಥರ ಆಗಿದಾರೆ. ಒಬ್ಬ ಉಗುರು ತಿನ್ತಾನೆ, ಒಬ್ಬ ವಾಂತಿ ಮಾಡ್ಕೋತಾನೆ. ಅವಳ ಹೆಸರು ಪಟ್ಟಿಯಲ್ಲಿ ಹೋಗಿಬಿಟ್ಟಿದೆ. ಅವಳಿಗೆ ಎಲ್ಲಾ ಬರುತ್ತೆ. ಒಂದು ದಿನ ಬಂದು ನಿಲ್ಲಲಿ. ಒಂದೇ ದಿನ. ಆಮೇಲೆ ನಾನೇ ಕರೆತಂದು ಮನೆಗೆ ಬಿಡ್ತೀನಿ."

ನಾನು ವಾಪಸು ಬಂದೆ. ಬಲವಂತದಿಂದ ಬಂದೆ ಅಂದರೆ ಸುಳ್ಳಾಗುತ್ತದೆ. ಬಾವಿಯ ಹತ್ತಿರ ಹೆಂಗಸರು "ನಿನ್ನ ಮಗಳು ದೊರೆ ಮುಂದೆ ನಿಂತು ಓದ್ತಾಳಂತಲ್ಲೇ" ಅಂದಾಗ ನನ್ನ ಕೊಡ ಹಗುರಾಗುತ್ತಿತ್ತು. ನನ್ನೊಳಗೂ ಆ ಆಸೆ ಹೊಕ್ಕಿತ್ತು. ಮನೆಯಲ್ಲಿ ನಾವೆಲ್ಲ ಆ ಮಗುವಿಗೆ ಧೈರ್ಯ ಹೇಳಿದ್ದೇ ಹೇಳಿದ್ದು. ಬೇಡ ಅಂದಿದ್ದ ಅತ್ತೆಯೇ ಈಗ, ಪಾಸಾದರೆ ಕಂಬದ ದೇವರ ದನಗಳ ದೊಡ್ಡಿಗೆ ಒಂದು ಹೆಣ್ಣುಕರು ಬಿಡುತ್ತೇನೆಂದು ಹರಕೆ ಹೊತ್ತರು. ನಮ್ಮ ಮನೆಯವರು ದಿಂಡಿಗಲ್ಲಿನಿಂದ ಗಾಜಿನ ಬಳೆ ತರುತ್ತೇನೆ ಅಂದರು. ನಾನು ಅವಳಿಗೆಂದು ದಿನಾ ಬೆಣ್ಣೆ ತೆಗೆದಿಟ್ಟೆ. ಒಬ್ಬೊಬ್ಬರೂ ಒಂದೊಂದು ಕಲ್ಲು ತಂದು ಅವಳ ತಲೆಯ ಮೇಲಿಟ್ಟೆವು. "ಬಿಡು ಮಗಾ, ತಪ್ಪಿದ್ರೆ ತಪ್ತು" ಅಂತ ಒಂದು ಬಾಯಿಂದಲೂ ಬರಲಿಲ್ಲ.

ಪರೀಕ್ಷೆಯ ದಿನ ನಮ್ಮ ಮನೆಯವರು ಗಾಡಿಯ ಮೇಲೆ ಹೋಗಿದ್ದರು. ಕೂಸನ್ನೆತ್ತಿಕೊಂಡು ಚೆನ್ನಿಯ ಜೊತೆ ನಾನೇ ಉತ್ತಮಪಾಳ್ಯಕ್ಕೆ ನಡೆದೆ. ಸುತ್ತಲ ಐದಾರು ಊರಿನ ಮಕ್ಕಳನ್ನು ಒಂದು ಛತ್ರದಲ್ಲಿ ಸಾಲಾಗಿ ಕೂರಿಸಿದ್ದರು. ತಾಯಂದಿರು ಹೊರಗೆ ಹುಣಸೆಮರದ ಕೆಳಗೆ. ನಾನು ಕಿಟಕಿಯ ಕಂಬಿ ಹಿಡಿದು ನಿಂತೆ. ಲೆಕ್ಕ ಕೇಳಿದರು. ಇನ್‌ಸ್ಪೆಕ್ಟರು ಕೇಳಿ ಮುಗಿಸುವ ಮೊದಲೇ ಚೆನ್ನಿ ಉತ್ತರ ಕೊಟ್ಟಳು. ಅವರು ಕನ್ನಡಕ ಸರಿಸಿ ಅವಳನ್ನು ನೋಡಿ ಇನ್ನೊಂದು ಕೇಳಿದರು, ಅದಕ್ಕೂ ಕೊಟ್ಟಳು. ವಾದ್ಯಾರ ಮುಖ ಅರಳಿತು.

ಆಮೇಲೆ ಓದು. ಪುಸ್ತಕ ತೆರೆದು ಅವಳ ಕೈಗೆ ಕೊಟ್ಟರು. ಚೆನ್ನಿ ಎದೆ ತುಂಬ ಉಸಿರೆಳೆದು ಶುರು ಮಾಡಿದಳು. ಮಳೆ ಸುರಿದ ಹಾಗೆ ಸುರಿಯಿತು ಅವಳ ಮಾತು. ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಕೇಳಿ, ಕೈ ಚಾಚಿ ಎರಡು ಹಾಳೆ ಮಗುಚಿದರು. ಚೆನ್ನಿ ನಿಲ್ಲಿಸಲಿಲ್ಲ. ಹಾಳೆ ಬೇರೆ, ಅವಳು ಹೇಳುತ್ತಿದ್ದುದು ಮೊದಲಿನ ಪಾಠವೇ. ಪಕ್ಕದಲ್ಲಿದ್ದ ಇಬ್ಬರು ಗುಮಾಸ್ತರು ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ. ಒಂದು ಸಾಲಿನ ಕೆಳಗೆ ಬೆರಳಿಟ್ಟು "ಇಲ್ಲಿ ಓದಮ್ಮಾ" ಅಂದರು, ಮೆತ್ತಗೇ ಅಂದರು.

ಅವಳು ಆ ಬೆರಳನ್ನೇ ನೋಡುತ್ತ ನಿಂತಳು. ಬಲಗೈ ಕಿವಿಯ ಹಿಂದೆ ಹೋಯಿತು. ಅಕ್ಷರ ಅವಳಿಗೆ ಗೊತ್ತಿತ್ತು, ನನಗೆ ಅದು ಗೊತ್ತಿತ್ತು. ಕಂಬಿ ಹಿಡಿದು ನಾನು ನಮ್ಮ ಮಾತಿನಲ್ಲಿ "ಒಂದೊಂದೇ ಓದು ಮಗಾ" ಅಂತ ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಅವಳ ಪಾದದ ಸುತ್ತ ನೆಲ ಒದ್ದೆಯಾಯಿತು.

ಆಮೇಲೆ ಇನ್‌ಸ್ಪೆಕ್ಟರು ನಮ್ಮೂರ ಮಕ್ಕಳಿಗೆಲ್ಲ ಹಾಗೆಯೇ ಹಾಳೆ ಮಗುಚಿ ನೋಡಿದರು. ಇಬ್ಬರೋ ಮೂವರೋ ಮಾತ್ರ ಪಾಸಾದರು. ವಾದ್ಯಾರು ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಜೊತೆ ಊರಿಗೆ ನಡೆಯಲಿಲ್ಲ. ಹದಿನೈದು ದಿನದಲ್ಲಿ ಗಂಟು ಕಟ್ಟಿಕೊಂಡು ಹೊರಟೇಹೋದರು. ಬೀದಿಯ ಮಕ್ಕಳು "ಚೆನ್ನಿಯಿಂದ್ಲೇ ವಾದ್ಯಾರು ಓಗಿದ್ದು" ಅಂತ ಹಾಡು ಕಟ್ಟಿ ಹಾಡಿದರು.

ಅವತ್ತಿನಿಂದ ಚೆನ್ನಿಯ ಬಾಯಿ ಕಟ್ಟಿತು. ತಮಿಳೂ ಇಲ್ಲ, ನಮ್ಮ ಮಾತೂ ಇಲ್ಲ. ಕರೆದರೆ ಬರುತ್ತಾಳೆ, ಇಟ್ಟರೆ ಎರಡು ತುತ್ತು ತಿನ್ನುತ್ತಾಳೆ, ತಮ್ಮನ ತೊಟ್ಟಿಲು ತೂಗುತ್ತಾಳೆ. ಅತ್ತೆ ದೃಷ್ಟಿ ತೆಗೆದರು, ಯಂತ್ರ ಕಟ್ಟಿಸಿದರು. ಗಂಡ ಬಂದಾಗ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬಳೆ ತಂದಿದ್ದರು, ಹಸಿರು ಗಾಜಿನವು. ಅವಳ ಮುಂದೆ ಕೂತು "ಕೈ ಕೊಡು ಕಣ್ಣಾ" ಅಂದರು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವರು ಎದ್ದು ಹಿತ್ತಲಿಗೆ ಹೋದರು.

ಅವರ ಹಿಂದೆಯೇ ಹೋಗಿ ನಾನು ಹೇಳಿದೆ. ಹೌದು, ನಾನೇ ಹೇಳಿದ್ದು. "ಇವಳನ್ನ ನಿಮ್ಮ ಕೂಡೆ ಬೆಟ್ಟಕ್ಕೆ ಕರ್ಕೊಂಡೋಗಿ. ಗಾಡಿ ಅಂದ್ರೆ ಅವಳಿಗೆ ಪ್ರಾಣ. ಕಾಡು ನೋಡ್ಲಿ, ಅಣೆ ನೋಡ್ಲಿ. ಈ ಬೀದಿ ಮಕ್ಳ ಬಾಯಿ ಅವಳ ಕಿವಿಗೆ ಬೀಳ್ದಂಗೆ ನಾಕು ದಿನ ಇರ್ಲಿ."

"ಪಂಗುನಿ ತಿಂಗ್ಳು ಬಂತಲ್ಲೇ ಚೆನ್ನಿ ಅವ್ವಾ" ಅಂದರು ಅವರು. "ಬಿಸ್ಲು ಏರ್ತು ಅಂದ್ರೆ ಮ್ಯಾಲೆ ಜರ. ಕೂಲಿಯೋರೇ ಇಳೀತಾವ್ರೆ. ನಂದೂ ಇದೇ ಕಡೇ ಸಾಗಣೆ."

"ನೀವು ವರ್ಸೆಲ್ಲ ಓಗಿ ಬಂದ್ರಲ್ಲ, ಏನಾಯ್ತು ನಿಮ್ಗೆ? ಇಲ್ಲಿದ್ರೆ ಇವಳು ಇಂಗೇ ಒಣಗ್ತಾಳೆ."

ಮಾರನೆಯ ದಿನ ಬೆಳಿಗ್ಗೆ ಚೆನ್ನಿಯನ್ನು ಗಾಡಿಯ ಹುಲ್ಲಿನ ಮೇಲೆ ಕೂರಿಸಿ, ತಲೆಗೆ ಬಟ್ಟೆ ಕಟ್ಟಿ, ರೊಟ್ಟಿಯ ಗಂಟು ಮಡಿಲಿಗಿಟ್ಟೆ. ಗಾಡಿ ತಿರುವು ದಾಟುವವರೆಗೂ ಅವಳು ನನ್ನ ಕಡೆಗೇ ನೋಡುತ್ತಿದ್ದಳು. ಕೈಯೆತ್ತಲಿಲ್ಲ, ಬಾಯಿ ತೆರೆಯಲಿಲ್ಲ.

ಬೆಟ್ಟದ ಬುಡದ ಕೂಡಲೂರಿನಲ್ಲಿ ಉಳಿದಿದ್ದ ಸಾಮಾನನ್ನು ಘಾಟಿ ಹತ್ತಿಸಲು ಗಾಡಿ ಮೇಲೆ ಕೆಳಗೆ ಓಡಾಡಬೇಕಾಯಿತು. ನಾಲ್ಕು ದಿನ ಹೋಗಿ ಹನ್ನೆರಡಾಯಿತು. ಹದಿಮೂರನೆಯ ದಿನ ಗಾಡಿ ಮನೆಯ ಮುಂದೆ ನಿಂತಾಗ ನಾನು ಓಡಿ ಬಂದೆ. ಅವಳು ಕಂಬಳಿ ಹೊದ್ದು ಮಲಗಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು. ಕೈಗಳಲ್ಲಿ ಹಸಿರು ಬಳೆ ಇತ್ತು.

ದಿನ ಬಿಟ್ಟು ದಿನ ಚಳಿಜ್ವರ. ಕಂಬದ ವೈದ್ಯರು ನೆಲಬೇವಿನ ಕಷಾಯ ಕೊಟ್ಟರು. ಗಾಡಿಯವರೊಬ್ಬರು ಬೆಟ್ಟದಿಂದ ತಂದಿದ್ದ ಕ್ವಿನೈನ್ ಪುಡಿಯನ್ನು ಬೆಲ್ಲದಲ್ಲಿಟ್ಟು ನುಂಗಿಸಿದೆವು. ಜ್ವರ ಇಳಿದ ಗಳಿಗೆಯಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿ "ಅವ್ವಾ, ಮೋಡ ಗಾಡಿ ಒಳಕ್ಕೇ ಬಂದುಬಿಡ್ತದೆ ಅಲ್ಲಿ" ಅಂದಳು. ಇನ್ನೊಂದು ಸಲ "ಎತ್ತಿಗೆ ನೀರು ಕೊಟ್ರಾ?" ಅಂತ ಕೇಳಿದಳು. ಪಾಠದ ಮಾತು, ಪರೀಕ್ಷೆಯ ಮಾತು ಒಂದೂ ಅವಳ ಬಾಯಿಂದ ಬರಲಿಲ್ಲ. ಒಂಬತ್ತನೆಯ ದಿನ, ನಡು ಮಧ್ಯಾಹ್ನ, ನನ್ನ ತೊಡೆಯ ಮೇಲೆ ಹೋದಳು. ಮೈ ತೊಳೆಯುವಾಗ ನೋಡಿದೆ, ಕಿವಿಯ ಹಿಂದೆ ಎಳೆ ಕೂದಲು ಹುಟ್ಟಿತ್ತು.

ಆಡಿ ತಿಂಗಳ ಗಾಳಿಯಲ್ಲಿ ವಾದ್ಯಾರು ನಡೆದು ಬಂದರು. ಯಾರೋ ಹೇಳಿದ್ದರಂತೆ. ದಿಂಡಿಗಲ್ಲಿನ ಒಂದು ತೊಗಲಿನ ಮಂಡಿಯಲ್ಲಿ ಕಾವಲಿಗೆ ಸೇರಿದ್ದರು. ಜಗಲಿಯ ಕೆಳಗೇ ನಿಂತರು. ಅತ್ತೆ ಮುಖ ತಿರುಗಿಸಿ ಒಳಗೆ ಹೋದರು. ನನಗೂ ಆ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆದರೆ ಅವರ ಕಾಲು ಧೂಳಾಗಿತ್ತು, ತುಟಿ ಒಡೆದಿತ್ತು. ಮಜ್ಜಿಗೆ ತಂದಿಟ್ಟೆ.

"ನಾನು ಅವಳಿಗೆ ಓದೋದನ್ನೇ ಕಲಿಸ್ಲಿಲ್ಲ ತಾಯೀ" ಅಂದರು. "ಒಪ್ಪಿಸೋದು ಮಾತ್ರ ಕಲಿಸಿದೆ."

ಆಗ ನಮ್ಮ ಮನೆಯವರು ಬಾಯಿಬಿಟ್ಟರು. ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. "ಓದಿದ್ಲು ವಾದ್ಯಾರೇ. ಮ್ಯಾಲೆ ಒಂದು ಹಳ್ಳದ ತಾವ ಹಲಗೆ ನೆಟ್ಟವ್ರೆ. ನಾನು ನೀರಿಗೆ ಬಗ್ಗಿದ್ದೆ. ಇಂದೆ ನಿಂತು ಒಂದೊಂದೇ ಅಕ್ಸರ ಕೂಡಿಸ್ಕೊಂಡು ಓದಿ, 'ಅಪ್ಪಾ ಕುಡೀಬ್ಯಾಡ, ಇಲ್ಲಿ ನೀರು ಕುಡೀಬಾರ್ದು ಅಂತ ಬರ್ದವ್ರೆ' ಅಂದ್ಲು. ವರ್ಸವೆಲ್ಲ ನಾನು ಅದೇ ನೀರು ಕುಡಿದಿದ್ದೆ."

ವಾದ್ಯಾರು ಮೇಲುಹೊದಿಕೆಯಲ್ಲಿ ಮುಖ ಮುಚ್ಚಿಕೊಂಡರು. ಹೊರಟಾಗ ಅವರ ಮಗಳಿಗೆಂದು ಒಂದು ಗಂಟು ರಾಗಿ ಕೊಟ್ಟೆ. ಮತ್ತೆ ಅವರನ್ನು ನೋಡಲಿಲ್ಲ.

ಅಣೆ ಮುಗಿಯಿತು. ಬೆಟ್ಟದ ನೀರು ನಮ್ಮ ಹೊಳೆಗೆ ಬಂತು. ಜೋಳದ ಹೊಲದಲ್ಲಿ ಭತ್ತ ನಾಟಿ ಮಾಡಿದೆವು. ನಮ್ಮ ಮನೆಯವರು ಮಾತ್ರ ಮತ್ತೆ ಆ ಘಾಟಿ ಹತ್ತಲಿಲ್ಲ. ಮಗನನ್ನು ನಾವಾಗಿ ಪಳ್ಳಿಕೂಡಕ್ಕೆ ಕಳಿಸಲಿಲ್ಲ, ಅವನೇ ಹಟ ಮಾಡಿ ಹೋದ. ಪಾಸಾದೆಯಾ ಅಂತ ಒಂದು ದಿನವೂ ಕೇಳಲಿಲ್ಲ. ಅದರಿಂದ ಅವನಿಗೆ ನೋವಾಗಿತ್ತೆಂದು ದೊಡ್ಡವನಾದ ಮೇಲೆ ಹೇಳಿದ. "ನನ್ನ ಓದು ನಿಮ್ಗೆ ಬೇಕಾಗೇ ಇರ್ಲಿಲ್ಲ" ಅಂದ.

ಗಂಡನೂ ನಾನೂ ಆ ಪಂಗುನಿಯ ಮಾತನ್ನು ಎತ್ತುತ್ತಿರಲಿಲ್ಲ. ಅವರು ಹಾಸಿಗೆ ಹಿಡಿದ ವರ್ಷ ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟೆ. "ಕಳ್ಸಿದ್ದು ನಾನು. ನೀವು ಬ್ಯಾಡ ಅಂದ್ರಿ. ನನ್ನ ಮ್ಯಾಲೆ ಸಿಟ್ಟಿರ್ಲಿಲ್ವಾ ನಿಮ್ಗೆ, ಇಷ್ಟು ವರ್ಸ?"

ಅವರು ಬಟ್ಟಲನ್ನು ಕೈಯಿಂದ ಸರಿಸಿದರು. "ಆ ಅನ್ನೆರಡು ದಿನ ನಂಗೆ ಕೊಟ್ಟೋಳೇ ನೀನು" ಅಂದರು.

ನನಗೆ ಆಗ ಅಳು ಬಂತು. ಆ ಹನ್ನೆರಡು ದಿನ ನನಗೆ ಸಿಕ್ಕಿರಲಿಲ್ಲ. ನಾನು ಕಳಿಸಿದ್ದು ಬಾಯಿ ಕಟ್ಟಿದ ಮಗುವನ್ನು, ನನಗೆ ಬಂದದ್ದು ಜ್ವರದ ಮಗು. ನಡುವೆ ನಕ್ಕವಳು, ಮಾತಾಡಿದವಳು ಅವರ ಕಣ್ಣಿಗೆ ಮಾತ್ರ ಕಂಡಿದ್ದಳು.

"ಮೊದ್ಲಿಂದ ಹೇಳಿ" ಅಂದೆ.

ಅವರು ಹೇಳಿದರು, ಮೊದಲ ಸಲ, ಒಂದಾದ ಮೇಲೊಂದು. ಮೂರನೆಯ ತಿರುವಿನಲ್ಲಿ ಎತ್ತು ನಿಂತಾಗ "ಅಪ್ಪಾ, ಅದಕ್ಕೆ ದಾಹ" ಅಂದದ್ದು. ಮೇಲೆ ಹೋಗಿ ಹೊಳೆಗೆ ಅಡ್ಡ ಎದ್ದ ಗೋಡೆಯನ್ನು ನೋಡಿ ಕೈ ಹಿಡಿದುಕೊಂಡದ್ದು. ಮೋಡದಲ್ಲಿ ಕೈಯಾಡಿಸಿ ಒದ್ದೆಯಾಯಿತೇ ಅಂತ ನೋಡಿಕೊಂಡದ್ದು. ಹಲಗೆ ಓದಿದ್ದು. ಅವತ್ತು ಸಂಜೆ ತಾನಾಗಿ ಅವರ ಬಟ್ಟೆಯ ಗಂಟು ಬಿಚ್ಚಿ ಬಳೆ ತೆಗೆದು ಅಪ್ಪನ ಮುಂದೆ ಕೈ ಚಾಚಿದ್ದು. ಇಳಿಯುವಾಗ ಎದುರು ಬಂದ ಗಾಡಿಗಳನ್ನೆಲ್ಲ ಎಣಿಸಿದ್ದು. ಹೇಳುತ್ತ ಹೇಳುತ್ತ ಅವರ ದನಿ ಗಟ್ಟಿಯಾಯಿತು, ಮುಖಕ್ಕೆ ಬಣ್ಣ ಬಂತು. ಗಾಡಿ ಕೂಡಲೂರು ಬಿಟ್ಟ ಕಡೆಯ ಬೆಳಿಗ್ಗೆಯವರೆಗೆ ಬಂದು ನಿಲ್ಲಿಸಿದರು.

ಮುಂದಿನದನ್ನು ನಾನು ಕೇಳಲಿಲ್ಲ.